ಕುರ್ಲಾದಲ್ಲಿಳಿದು ಅಮೆರಿಕಕ್ಕೆ

ಅಮೆರಿಕ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ವಿಮಾನ ನಿಲ್ದಾಣ, ಹೂಮಾಲೆ, ಕಣ್ಣೀರು, ದೊಡ್ಡ ದೊಡ್ಡ ಸೂಟ್‌ಕೇಸ್‌ಗಳು. ಆದರೆ ಅಲ್ಲಿ ಖಾಯಂ ನೆಲೆಸಲು ಇಲ್ಲಿಂದಲೇ ವೀಸಾ ಪಡೆದು ಹೊರಡುವವರ ದಾರಿ ಮೊದಲು ಹೋಗುವುದು ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ. ಓದಲು, ತಿರುಗಾಡಲು ಹೋಗುವವರಿಗೆ ಚೆನ್ನೈ, ಹೈದರಾಬಾದ್‌ಗಳಲ್ಲೂ ವೀಸಾ ಸಿಗುತ್ತದೆ. ವಲಸೆ ವೀಸಾ ಮಾತ್ರ, ದತ್ತು ಮಕ್ಕಳದ್ದರಂಥ ಕೆಲವನ್ನು ಬಿಟ್ಟರೆ, ಇಡೀ ಭಾರತಕ್ಕೆ ಮುಂಬೈ ಕಾನ್ಸುಲೇಟ್ ಒಂದರಲ್ಲೇ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಎಷ್ಟೋ ಮಂದಿ ಸಂತೋಷಪಟ್ಟರು. ಆದರೆ ಅದು ವೀಸಾ ಸೇವೆಯಿಲ್ಲದೆ ಆರಂಭವಾದ ಕಚೇರಿ. ಹಾಗಾಗಿ ಬೀದರ್‌ನವರಿರಲಿ, ಉಳ್ಳಾಲದವರಿರಲಿ, ಮುಂಬೈ ತಪ್ಪಿದ್ದಲ್ಲ.

ಕಳೆದ ನವೆಂಬರ್‌ನಲ್ಲಿ, ಅಂದರೆ 2025ರಲ್ಲಿ, ನನ್ನ ಅಕ್ಕನ ಕುಟುಂಬದ ಜೊತೆ ನಾನೂ ಆ ದಾರಿ ಹಿಡಿದೆ. ನಮ್ಮ ಅಣ್ಣ ಅಮೆರಿಕದ ಪೌರತ್ವ ಪಡೆದ ಮೇಲೆ 2006ರಲ್ಲಿ ತಂಗಿಯ ಹೆಸರಿನಲ್ಲಿ ಹಾಕಿದ್ದ ಅರ್ಜಿಗೆ ಕೊನೆಗೂ ಕರೆ ಬಂದಿತ್ತು. ಹತ್ತೊಂಬತ್ತು ವರ್ಷ! ಈ ಪ್ರಯಾಣದ ಖರ್ಚಿನ ಬಗ್ಗೆ ಬರೆಯಲು ಕಾರಣವಿದೆ. ಊರಿಗೆ ಮರಳಿದ ಮೇಲೆ ನೆಂಟರಲ್ಲಿ, ನೆರೆಹೊರೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಒಟ್ಟು ಎಷ್ಟಾಯಿತು?" ಸಹೋದರಿಯರೇ, ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಅರ್ಜಿಯೊಂದು ಕಾಯುತ್ತಾ ಕೂತಿದ್ದರೆ, ಅಥವಾ ಅಮೆರಿಕದ ಹುಡುಗನಿಗೆ ಮಗಳನ್ನು ಕೊಡುವ ಮಾತು ನಡೆಯುತ್ತಿದ್ದರೆ, ಇದನ್ನು ಸ್ವಲ್ಪ ಸಾವಧಾನವಾಗಿ ಓದಿ.

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ. ಕೊಂಕಣ ರೈಲು ಬರುವ ಮೊದಲು, ಅಂದರೆ 1998ಕ್ಕೆ ಮುಂಚೆ, ಬಸ್ಸಿನಲ್ಲಿ ಘಟ್ಟ ಹತ್ತಿಳಿದು ಮುಂಬೈ ಸೇರುತ್ತಿದ್ದ ನಮ್ಮ ಹಿರಿಯರಿಗೆ ಹೋಲಿಸಿದರೆ ಇದು ಸುಖದ ಪ್ರಯಾಣವೇ. ಉಡುಪಿ, ಕುಂದಾಪುರ, ಭಟ್ಕಳ ದಾಟುವಷ್ಟರಲ್ಲಿ ಡಬ್ಬಿಯ ತುಂಬ ನಮ್ಮದೇ ಭಾಷೆಗಳು. ಅಕ್ಕ ಮಾತ್ರ ಮಡಿಲಲ್ಲಿಟ್ಟ ನೀಲಿ ಫೈಲನ್ನು ರಾತ್ರಿಯಿಡೀ ಬಿಡಲಿಲ್ಲ. ಊಟದ ಬುತ್ತಿಯನ್ನಾದರೂ ಸೀಟಿನ ಕೆಳಗೆ ಇಟ್ಟಾರು, ಆ ಫೈಲನ್ನಲ್ಲ.

ಆ ಫೈಲಿನಲ್ಲೇ ಮೊದಲ ಖರ್ಚು ಅಡಗಿತ್ತು. ಸರಕಾರಿ ಶುಲ್ಕದ ಪಟ್ಟಿಯಲ್ಲಿ ಕಾಣಿಸದ ಖರ್ಚು ಅದು. ಅಕ್ಕ ಹುಟ್ಟಿದ್ದು 1973ರಲ್ಲಿ, ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಜನನ-ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿದ್ದರೂ ಹಳ್ಳಿಯ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರನ್ನು ಬರೆಸಲು ಯಾರು ಹೋಗುತ್ತಿದ್ದರು? ಆದ್ದರಿಂದ ಮೊದಲು "ದಾಖಲೆ ಲಭ್ಯವಿಲ್ಲ" ಎಂಬ ಪ್ರಮಾಣ ಪತ್ರ, ಅದರ ಮೇಲೆ ಹಿರಿಯರ ಅಫಿದವಿತ್, ಜೊತೆಗೆ ಶಾಲೆಯ ದಾಖಲೆ. ಅಣ್ಣ-ತಂಗಿ ಎಂದು ತೋರಿಸಬೇಕಾದರೆ ಇಬ್ಬರ ದಾಖಲೆಯಲ್ಲೂ ತಂದೆ ಅಥವಾ ತಾಯಿಯ ಹೆಸರು ಒಂದೇ ಇರಬೇಕು. ನಮ್ಮ ಉಮ್ಮನ ಹೆಸರು ಅಣ್ಣನ ಕಾಗದದಲ್ಲಿ ಒಂದು ಬಗೆ, ಅಕ್ಕನ ಶಾಲೆಯಲ್ಲಿ ಇನ್ನೊಂದು ಬಗೆ. ಒಂದರಲ್ಲಿ "ಉಮ್ಮ" ಸೇರಿದೆ, ಇನ್ನೊಂದರಲ್ಲಿ ಬಿಟ್ಟುಹೋಗಿದೆ. ಅಕ್ಕನ ಹೆಸರಿನ ಮುಂದೆ ಶಾಲೆಯಲ್ಲಿ ತಂದೆಯ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಇವನ್ನೆಲ್ಲ ಒಂದೇ ವ್ಯಕ್ತಿ ಎಂದು ಸಾಧಿಸಲು ತಿರುಗಿದ ತಿರುಗಾಟ, ಛಾಪಾ ಕಾಗದ, ನೋಟರಿ, ಆಟೋ ಬಾಡಿಗೆ ಎಲ್ಲವನ್ನೂ ಭಾವ ಒಂದು ಡೈರಿಯಲ್ಲಿ ಬರೆದಿಟ್ಟಿದ್ದರು. ಡೈರಿಯ ಮೂರು ಪುಟ ಇದಕ್ಕೇ ಹೋಗಿತ್ತು. ಹೆಣ್ಣುಮಕ್ಕಳ ಹೆಸರನ್ನು ಎಲ್ಲ ಕಡೆಯೂ ಒಂದೇ ರೀತಿ ಬರೆಸುವ ಅಭ್ಯಾಸವನ್ನು ನಾವು ತಾಯಂದಿರು ಶಾಲೆಗೆ ಸೇರಿಸುವ ದಿನವೇ ಮಾಡಿಕೊಂಡರೆ ಮುಂದೆ ಎಷ್ಟು ಹಣ ಉಳಿಯುತ್ತದೆಯೋ!

ನಿಕಾಹ್‌ನಾಮೆಯದು ಬೇರೆಯದೇ ಕತೆ. ಜಮಾಅತ್‌ನ ದಫ್ತರದಲ್ಲಿ ಬರೆದದ್ದು ನಮಗೆ ಸಾಕು, ಆದರೆ ವಿದೇಶದ ಕಚೇರಿಗೆ ಅದು ಇಂಗ್ಲಿಷಿನಲ್ಲಿ ಬೇಕು. ಅನುವಾದಿಸಿದವರು "ನನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ" ಎಂದು ಸಹಿ ಹಾಕಬೇಕು. ನಮ್ಮ ರಾಜ್ಯದಲ್ಲಿ ವಕ್ಫ್ ಮಂಡಳಿಯ ಜಿಲ್ಲಾ ಅಧಿಕಾರಿಗಳು ಮದುವೆ ಪ್ರಮಾಣ ಪತ್ರ ಕೊಡಬಹುದೆಂದು 2023ರ ಆಗಸ್ಟ್‌ನಲ್ಲಿ ಸರಕಾರ ಆದೇಶಿಸಿತ್ತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅಕ್ಕ-ಭಾವ ಆ ಗೋಜಿಗೆ ಹೋಗದೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡರು. ಸುಪ್ರೀಂ ಕೋರ್ಟ್ 2006ರಲ್ಲೇ ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಬೇಕೆಂದು ಹೇಳಿದೆ. ಹೊಸದಾಗಿ ಮದುವೆಯಾದವರು ವಲೀಮಾದ ಗಡಿಬಿಡಿ ಮುಗಿದ ವಾರವೇ ಇದನ್ನು ಮಾಡಿಸಿಬಿಡುವುದು ಜಾಣತನ.

ಪೊಲೀಸ್ ಕ್ಲಿಯರೆನ್ಸ್ ಮಾತ್ರ ಅಗ್ಗ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ತಲೆಗೆ 500 ರೂಪಾಯಿ. 16 ವರ್ಷ ತುಂಬಿದ ಎಲ್ಲರಿಗೂ ಬೇಕು. ಆದರೆ ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಅಲ್ಲಿಯದ್ದೂ ಬೇಕು ಎಂಬುದು ಅನೇಕರಿಗೆ ಗೊತ್ತಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಪ್ರತಿಯೊಂದು ದೇಶದಿಂದಲೂ ಪೊಲೀಸ್ ಪ್ರಮಾಣ ಪತ್ರ ತರಿಸಬೇಕು. ಭಾವ ದುಬೈ ಬಿಟ್ಟು ಹತ್ತು ವರ್ಷವಾಗಿತ್ತು. ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಇಟ್ಟಿದ್ದರಿಂದ ಕೆಲಸವಾಯಿತು. ನಿಮ್ಮ ಯಜಮಾನರ ಹಳೆಯ ಪಾಸ್‌ಪೋರ್ಟ್, ಅಕಾಮಾ, ಕೆಲಸದ ಕಾಗದಗಳು ಕಪಾಟಿನಲ್ಲಿ ಜಾಗ ತಿನ್ನುತ್ತವೆಂದು ಕೋಪಿಸಿಕೊಳ್ಳಬೇಡಿ.

ಈಗ ಡಾಲರಿನ ಲೆಕ್ಕಕ್ಕೆ ಬರೋಣ. ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ ಅರ್ಜಿ ಅಲ್ಲಿರುವ ಸಂಬಂಧಿಕರು ಹಾಕುವ ಐ-130. ಅಣ್ಣ 2006ರಲ್ಲಿ ಹಾಕುವಾಗ ಅದರ ಶುಲ್ಕ 190 ಡಾಲರ್ ಇತ್ತು, ಆಗ ಡಾಲರಿಗೆ ಸುಮಾರು 45 ರೂಪಾಯಿ. 2024ರ ಏಪ್ರಿಲ್ 1ರಿಂದ ಅದೇ ಅರ್ಜಿಗೆ ಆನ್‌ಲೈನ್ ಆದರೆ 625, ಕಾಗದದಲ್ಲಾದರೆ 675 ಡಾಲರ್. ಎಂಟೂವರೆ ಸಾವಿರ ರೂಪಾಯಿಯ ಕೆಲಸಕ್ಕೆ ಈಗ ಐವತ್ತಾರು ಸಾವಿರಕ್ಕೂ ಹೆಚ್ಚು. ಸರದಿ ಬಂದಾಗ ಕಡತ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಎಂಬ ಊರಿನ ನ್ಯಾಷನಲ್ ವೀಸಾ ಸೆಂಟರ್‌ಗೆ ಸಂಬಂಧಪಟ್ಟದ್ದು. ಅಲ್ಲಿ ಪ್ರತಿಯೊಬ್ಬ ಅರ್ಜಿದಾರರಿಗೂ 325 ಡಾಲರ್ ವೀಸಾ ಶುಲ್ಕ, ಇಡೀ ಕಡತಕ್ಕೆ ಒಮ್ಮೆ 120 ಡಾಲರ್. ವೀಸಾ ಕೈಗೆ ಬಂದ ಮೇಲೆ ಗ್ರೀನ್ ಕಾರ್ಡ್ ತಯಾರಿಸಲೆಂದು ತಲೆಗೆ ಇನ್ನೂ 235 ಡಾಲರ್. ಅಕ್ಕನ ಮನೆಯಿಂದ ಹೊರಟವರು ನಾಲ್ವರು. ಕೂಡಿಸಿ ನೋಡಿ: 1,300, 120, 940. ಒಟ್ಟು 2,360 ಡಾಲರ್, ನಮ್ಮ ಲೆಕ್ಕದಲ್ಲಿ 2,12,400 ರೂಪಾಯಿ. ವಿಮಾನದ ಟಿಕೆಟ್ಟು, ವೈದ್ಯಕೀಯ ಪರೀಕ್ಷೆ, ಮುಂಬೈ ವಾಸ ಯಾವುದೂ ಇದರಲ್ಲಿ ಸೇರಿಲ್ಲ. ವೀಸಾ ನಿರಾಕರಿಸಿದರೆ ಕಟ್ಟಿದ ಶುಲ್ಕ ವಾಪಸು ಬರುವುದೂ ಇಲ್ಲ.

ಇನ್ನೊಂದು ಸಂಗತಿ. ವೀಸಾ ಸೆಂಟರಿನ ಶುಲ್ಕವನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ನಿಮ್ಮಲ್ಲಿ ಹಣವಿದ್ದರೂ ಇಲ್ಲಿಂದ ಕಟ್ಟಲಾಗದು. ಅಂದರೆ ಅಲ್ಲಿರುವವರ ಮುಂದೆ ಕೈಚಾಚಲೇಬೇಕು. ಅಣ್ಣ ಕೊಟ್ಟದ್ದನ್ನು ಲೆಕ್ಕ ಹಿಡಿಯುವವನಲ್ಲ. ಆದರೆ ಭಾವ ಲೆಕ್ಕ ಹಿಡಿಯುವವರು. "ಮೈದುನನ ಋಣ ತೀರಿಸಿಯೇ ಸಿದ್ಧ" ಎಂದು ಅವರು ಡೈರಿಯಲ್ಲಿ ಅದನ್ನು ಪ್ರತ್ಯೇಕ ಬರೆದಿದ್ದಾರೆ.

ಹಣಕ್ಕಿಂತ ಭಾರವಾದದ್ದು ಜಾಮೀನು ಪತ್ರ. ಐ-864 ಎನ್ನುತ್ತಾರೆ. ಕರೆಸಿಕೊಳ್ಳುವವರ ಆದಾಯ ಅಲ್ಲಿಯ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಅಣ್ಣನ ಮನೆಯಲ್ಲಿ ನಾಲ್ವರು, ಹೋಗುವವರು ನಾಲ್ವರು. ಎಂಟು ಜನರ ಲೆಕ್ಕಕ್ಕೆ 2025ರಲ್ಲಿ ವರ್ಷಕ್ಕೆ 67,687 ಡಾಲರ್. ಅಣ್ಣನ ಒಬ್ಬನ ಸಂಬಳ ಅಷ್ಟಕ್ಕೆ ಮುಟ್ಟಲಿಲ್ಲ. ಆಗ ಅತ್ತಿಗೆ ತಮ್ಮ ದುಡಿಮೆಯನ್ನೂ ಸೇರಿಸಿ ಸಹಿ ಹಾಕಿದರು. ಈ ಸಹಿ ಸುಮ್ಮನೆಯದಲ್ಲ. ಬಂದವರು ಪೌರತ್ವ ಪಡೆಯುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಅವರ ಖಾತೆಗೆ ಸೇರುವವರೆಗೆ, ಇಲ್ಲವೆ ದೇಶ ಬಿಟ್ಟು ಹೋಗುವವರೆಗೆ ಜವಾಬ್ದಾರಿ ಸಹಿ ಹಾಕಿದವರ ಮೇಲಿರುತ್ತದೆ. ನಾದಿನಿಯ ಕುಟುಂಬಕ್ಕಾಗಿ ಇಂಥ ಕಾಗದಕ್ಕೆ ಸಹಿ ಹಾಕುವ ಅತ್ತಿಗೆಯಂದಿರು ಎಷ್ಟು ಮಂದಿ ಸಿಕ್ಕಾರು? ಫೋನಿನಲ್ಲಿ ಅಕ್ಕ ಏನೋ ಹೇಳಲು ಹೊರಟಾಗ ಅತ್ತಿಗೆ, "ಮಾತು ಬಿಡಿ, ಬರುವಾಗ ಪತ್ರೊಡೆ ಎಲೆಯ ಬೀಜ ತನ್ನಿ" ಎಂದರಂತೆ. ಬೀಜ-ಗೆಡ್ಡೆಯನ್ನು ಆ ದೇಶಕ್ಕೆ ಹಾಗೆಲ್ಲ ಒಯ್ಯುವಂತಿಲ್ಲ, ಅದು ಬೇರೆ ಮಾತು.

ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಗಂಡ ಹಾಕಿದ ಈ ಜಾಮೀನು ತಲಾಕ್ ಆದರೂ ರದ್ದಾಗುವುದಿಲ್ಲ. ಅಲ್ಲಿ ಕಷ್ಟಕ್ಕೆ ಸಿಲುಕಿದ ಎಷ್ಟೋ ಸೊಸೆಯಂದಿರಿಗೆ ಇದು ಗೊತ್ತೇ ಇರುವುದಿಲ್ಲ. ಇನ್ನು, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಲ್ಲಿಗೆ ಕಾಲಿಟ್ಟರೆ ಸಿಗುವ ಕಾರ್ಡಿಗೆ ಎರಡೇ ವರ್ಷದ ಅವಧಿ. ಮುಂದುವರಿಸಲು ಮತ್ತೆ ಅರ್ಜಿ, ಮತ್ತೆ 750 ಡಾಲರ್. ಹುಡುಗ ಅಮೆರಿಕದ ಪೌರನಾಗಿದ್ದರೆ ಹೆಂಡತಿಗೆ ಸರದಿಯ ಕಾಯುವಿಕೆ ಇಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವವನಾದರೆ ಕಾಯಬೇಕು. ಸಂಬಂಧ ನೋಡುವಾಗ "ಹುಡುಗ ಅಮೆರಿಕದಲ್ಲಿದ್ದಾನೆ" ಎನ್ನುವುದಷ್ಟನ್ನೇ ಕೇಳಿ ಸುಮ್ಮನಾಗದೆ, ಪೌರನೋ, ಗ್ರೀನ್ ಕಾರ್ಡೋ, ಕೆಲಸದ ವೀಸಾವೋ ಎಂದು ಕೇಳಲು ನಾಚಿಕೆ ಬೇಡ. ಮಹ್ರ್ ಎಷ್ಟೆಂದು ಕೇಳುತ್ತೇವಲ್ಲ, ಹಾಗೆಯೇ ಇದೂ.

ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸನ್ನು ಮುಂಬೈಯವರು ಬಿಕೆಸಿ ಎನ್ನುತ್ತಾರೆ. ಮೀಠಿ ನದಿಯ ಅಂಚಿನ ಜೌಗು ನೆಲವನ್ನು ತುಂಬಿಸಿ ಕಟ್ಟಿದ ಜಾಗ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿದಾಗ ಉಕ್ಕಿ ಹರಿದದ್ದು ಇದೇ ಮೀಠಿ. ಈಗ ನೋಡಿದರೆ ಗಾಜಿನ ಗೋಡೆಯ ಬ್ಯಾಂಕುಗಳು, ಷೇರು ವಿನಿಮಯ ಕೇಂದ್ರ, ವಜ್ರದ ವ್ಯಾಪಾರಿಗಳ ದೊಡ್ಡ ಮಾರುಕಟ್ಟೆ. ನದಿಯಾಚೆ ಧಾರಾವಿ. ಅಮೆರಿಕದ ಕಾನ್ಸುಲೇಟ್ 2011ರ ನವೆಂಬರ್‌ವರೆಗೆ ಬ್ರೀಚ್ ಕ್ಯಾಂಡಿಯ ಸಮುದ್ರ ದಂಡೆಯಲ್ಲಿ, ವಾಂಕಾನೇರ್ ಮಹಾರಾಜರ ಹಳೆಯ ಅರಮನೆಯಲ್ಲಿತ್ತು. ಆ ಕಾಲದಲ್ಲಿ ವೀಸಾಕ್ಕೆ ಹೋದವರು ಸಮುದ್ರದ ಗಾಳಿಯನ್ನಾದರೂ ಕುಡಿದು ಬರುತ್ತಿದ್ದರು. ಈಗಿನದು ಎತ್ತರದ ಗೋಡೆಯ ಬಂದೋಬಸ್ತಿನ ಕಟ್ಟಡ. ಪಕ್ಕದ ಕಾಲಿನಾದಲ್ಲಿ ಮುಂಬೈ ವಿಶ್ವವಿದ್ಯಾಲಯವಿದೆ, ಅಲ್ಲಿ ಕನ್ನಡ ವಿಭಾಗವೂ ಇದೆ ಎಂದು ನಮ್ಮ ಆಟೋದವನಿಗೆ ಹೇಳಿದೆ. ಅವನು ಜೌನ್‌ಪುರದವನು, ತಲೆಯಾಡಿಸಿದ.

ಕುರ್ಲಾ ಅಥವಾ ಬಾಂದ್ರಾ ಸ್ಟೇಷನ್ನಿನಿಂದ ಶೇರ್ ಆಟೋ, ಬಸ್ಸು ಎರಡೂ ಸಿಗುತ್ತವೆ. 2024ರ ಅಕ್ಟೋಬರ್‌ನಿಂದ ನೆಲದಡಿಯ ಮೆಟ್ರೋ ಕೂಡ ಬಿಕೆಸಿಗೆ ಬಂದಿದೆ. ವಾಸ್ತವ್ಯಕ್ಕೆ ಮಾತ್ರ ಬಿಕೆಸಿಯ ಹೋಟೆಲುಗಳ ಕಡೆ ತಲೆಹಾಕಬೇಡಿ, ಅವು ನಮ್ಮಂಥವರಿಗಲ್ಲ. ನಾವು ಕುರ್ಲಾ ಪಶ್ಚಿಮದ ಸಾಧಾರಣ ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದೆವು. ಒಂದೇ ದಿನದ ಕೆಲಸವೆಂದು ತಿಳಿದು ಹೋಗುವವರಿಗೆ ಇಲ್ಲಿ ಖರ್ಚು ಎರಡು ಪಟ್ಟಾಗುತ್ತದೆ. ಮೊದಲು ವೈದ್ಯಕೀಯ ಪರೀಕ್ಷೆ, ಅದರ ವರದಿಗೆ ಕೆಲವು ದಿನ. ಬೆರಳಚ್ಚು ಮತ್ತು ಫೋಟೋಕ್ಕೆ ಇನ್ನೊಂದು ಕೇಂದ್ರದಲ್ಲಿ ಇನ್ನೊಂದು ದಿನ. ಕೊನೆಗೆ ಸಂದರ್ಶನ. ನಮಗೆ ಒಂದು ವಾರ ಹಿಡಿಯಿತು. ಮುಂಬೈಯಲ್ಲಿ ನೆಂಟರಿದ್ದರೆ ಸಂಕೋಚಪಡದೆ ಅವರ ಮನೆಗೆ ಹೋಗಿ, ಊರಿನ ಕುಚ್ಚಲಕ್ಕಿ ಒಂದು ಚೀಲ ಒಯ್ದರೆ ಇಬ್ಬರಿಗೂ ಸಂತೋಷ.

ವೈದ್ಯಕೀಯ ಪರೀಕ್ಷೆಯನ್ನು ನಮ್ಮ ಪರಿಚಯದ ಡಾಕ್ಟರರಿಂದ ಮಾಡಿಸುವಂತಿಲ್ಲ. ಕಾನ್ಸುಲೇಟ್ ಗೊತ್ತುಪಡಿಸಿದ ಕೆಲವೇ ವೈದ್ಯರಿದ್ದಾರೆ. ಶುಲ್ಕ ವಯಸ್ಸಿಗೆ ತಕ್ಕಂತೆ, ಬಾಕಿಯಿರುವ ಚುಚ್ಚುಮದ್ದಿಗೆ ತಕ್ಕಂತೆ. ದಡಾರ, ಸಿಡುಬಿನಂಥ ಕೋಟ್ಲೆ, ಹೆಪಟೈಟಿಸ್, ಧನುರ್ವಾಯು ಮೊದಲಾದವುಗಳ ಲಸಿಕೆಗೆ ಪುರಾವೆ ಕೇಳುತ್ತಾರೆ. ಪುರಾವೆ ಇಲ್ಲದಿದ್ದರೆ ಚುಚ್ಚುತ್ತಾರೆ, ಬಿಲ್ಲಿಗೆ ಸೇರಿಸುತ್ತಾರೆ. ಕೋವಿಡ್ ಲಸಿಕೆಯ ಕಡ್ಡಾಯ ಮಾತ್ರ 2025ರಲ್ಲಿ ಹೋಯಿತು. ಅಕ್ಕ ಕಿರಿಮಗನ ತಾಯಿ ಕಾರ್ಡನ್ನು ಜೋಪಾನವಾಗಿಟ್ಟಿದ್ದರು, ಅವನ ಬಿಲ್ಲು ಎಲ್ಲರಿಗಿಂತ ಕಡಿಮೆ ಬಂತು. ಆದರೂ ನಾಲ್ವರ ಬಿಲ್ಲು ಸೇರಿ ನಮ್ಮೆಲ್ಲರ ರೈಲು-ಲಾಡ್ಜಿನ ಖರ್ಚನ್ನೂ ಮೀರಿತು. 15 ವರ್ಷ ದಾಟಿದವರಿಗೆ ಎದೆಯ ಎಕ್ಸ್‌ರೇ ಇದೆ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಎಕ್ಸ್‌ರೇಯಲ್ಲಿ ಕ್ಷಯದ ಸಂಶಯ ಬಂದರೆ ಕಫದ ಪರೀಕ್ಷೆಯ ಫಲಿತಾಂಶಕ್ಕೆ ಎರಡು ತಿಂಗಳವರೆಗೆ ಕಾಯಬೇಕಾಗುತ್ತದೆ. ಅದೇ ಚಿಕಿತ್ಸಾಲಯದಲ್ಲಿ ಆಣಂದ್ ಕಡೆಯ ಒಬ್ಬ ಅಜ್ಜಿ ಅದಕ್ಕಾಗಿ ಎರಡನೇ ಸಲ ಬಂದಿದ್ದರು. ಮಗ ಟಿಕೆಟ್ ತೆಗೆದಿಟ್ಟಿದ್ದನಂತೆ, ಹಣ ಹೋಯಿತಂತೆ. ವೀಸಾ ಕೈಗೆ ಬರುವ ಮೊದಲು ಟಿಕೆಟ್ ತೆಗೆಯಬಾರದೆಂದು ಅಲ್ಲಿಯ ಸೂಚನೆಗಳೇ ಹೇಳುತ್ತವೆ, ಆದರೆ ಮಕ್ಕಳ ಆತುರ ಕೇಳಬೇಕಲ್ಲ. ಮಹಿಳೆಯರ ತಪಾಸಣೆಗೆ ವೈದ್ಯೆಯೇ ಬೇಕಿದ್ದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿಬಿಡಿ.

ಫೋಟೋದ ವಿಷಯದಲ್ಲಿ ಅನೇಕರು ವೃಥಾ ಹೆದರುತ್ತಾರೆ. ಧಾರ್ಮಿಕ ಕಾರಣಕ್ಕೆ ತಲೆವಸ್ತ್ರ ಧರಿಸುವವರು ಹಾಗೆಯೇ ಫೋಟೋ ತೆಗೆಸಬಹುದು, ಮುಖ ಪೂರ್ತಿ ಕಾಣಿಸಬೇಕು, ನೆರಳು ಬೀಳಬಾರದು. ಕನ್ನಡಕ ಮಾತ್ರ ತೆಗೆಯಬೇಕು. ಮಂಗಳೂರಿನ ಸ್ಟುಡಿಯೋ ಒಂದರಲ್ಲಿ "ಸ್ಕಾರ್ಫ್ ಇದ್ದರೆ ರಿಜೆಕ್ಟ್ ಆಗುತ್ತದೆ" ಎಂದು ಅಕ್ಕನನ್ನು ಹೆದರಿಸಿದ್ದರು. ರಿಜೆಕ್ಟ್ ಆಗಲಿಲ್ಲ.

ಸಂದರ್ಶನದ ದಿನ ಒಳಗೆ ಬಿಡುವುದು ಅರ್ಜಿದಾರರನ್ನು ಮಾತ್ರ. ಮೊಬೈಲು, ಕೈಚೀಲ ಯಾವುದೂ ಒಳಗೆ ಸಲ್ಲ. ಹೊರಗೆ ಕಾಯಲು ಯಾರೂ ಇಲ್ಲದವರು ಏನು ಮಾಡಬೇಕು? 2025ರ ಜೂನ್‌ನಲ್ಲಿ ಇದೇ ರಸ್ತೆಯ ಒಬ್ಬ ಆಟೋ ಚಾಲಕ ಪತ್ರಿಕೆಗಳಲ್ಲಿ ಸುದ್ದಿಯಾಗಿದ್ದ. ಆಟೋ ಓಡಿಸುವುದನ್ನು ಬಿಟ್ಟು, ಕಾನ್ಸುಲೇಟಿಗೆ ಬಂದವರ ಚೀಲ ಇಟ್ಟುಕೊಳ್ಳಲು ಚೀಲಕ್ಕೆ 1,000 ರೂಪಾಯಿ ತೆಗೆದುಕೊಳ್ಳುತ್ತಾನೆ ಎಂದು ಒಬ್ಬರು ಅಂತರ್ಜಾಲದಲ್ಲಿ ಮೆಚ್ಚಿ ಬರೆದದ್ದೇ ತಡ, ದೇಶವೆಲ್ಲ ಅದನ್ನು ಓದಿತು. ಪೊಲೀಸರೂ ಓದಿದರು, ಪರವಾನಗಿ ಇಲ್ಲವೆಂದು ನಿಲ್ಲಿಸಿದರು. ಲಕ್ಷಗಟ್ಟಲೆ ಕಟ್ಟಿ ಬಂದವರ ಗೋಡೆಯ ಹೊರಗೆ ಒಂದು ಚೀಲ ಇಡಲು ಜಾಗವಿಲ್ಲದಿರುವುದು ನನಗಂತೂ ವಿಚಿತ್ರವಾಗಿಯೇ ಕಂಡಿತು. ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಇಲ್ಲವೆ ಎಲ್ಲವನ್ನೂ ಲಾಡ್ಜಿನಲ್ಲೇ ಬಿಟ್ಟು ಪಾಸ್‌ಪೋರ್ಟು, ಫೈಲು ಮಾತ್ರ ಹಿಡಿದು ಹೋಗಿ.

ನಮ್ಮ ನಾಲ್ಕು ಮೊಬೈಲು, ಎರಡು ಚೀಲ ಹಿಡಿದು ಹೊರಗೆ ನಿಂತವರು ನಾನು ಮತ್ತು ಅಕ್ಕನ ಹಿರಿಯ ಮಗ.

ಹೌದು, ಹಿರಿಯ ಮಗ ಒಳಗೆ ಹೋಗಲಿಲ್ಲ. ಅವನ ಹೆಸರು ಆ ಪಟ್ಟಿಯಲ್ಲಿಲ್ಲ. ಅಣ್ಣ ಅರ್ಜಿ ಹಾಕಿದಾಗ ಅವನಿಗೆ ಏಳು ವರ್ಷ, ಈಗ ಇಪ್ಪತ್ತಾರು. ಅಣ್ಣ-ತಂಗಿಯ ಈ ವರ್ಗಕ್ಕೆ ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ, ಒಂದು ದೇಶಕ್ಕೆ ಇಂತಿಷ್ಟೇ ಎಂಬ ಮಿತಿ ಬೇರೆ. ಅಲ್ಲಿಯ ಸರಕಾರ ಪ್ರತಿ ತಿಂಗಳು ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ 2025ರುದ್ದಕ್ಕೂ ಭಾರತದ ಸಾಲು 2006ರಲ್ಲೇ ತೆವಳುತ್ತಿತ್ತು. ಇಷ್ಟರಲ್ಲಿ ಮಕ್ಕಳು ಬೆಳೆಯುತ್ತಾರೆ. 21 ತುಂಬಿದ ಮಕ್ಕಳು ತಾಯಿಯ ಜೊತೆ ಹೋಗುವಂತಿಲ್ಲ. ಇದಕ್ಕೆ 2002ರ ಒಂದು ಕಾನೂನಿನಲ್ಲಿ ಸ್ವಲ್ಪ ರಿಯಾಯಿತಿ ಇದೆ: ಮೊದಲ ಅರ್ಜಿ ಮಂಜೂರಾಗಲು ಕಚೇರಿ ಎಷ್ಟು ದಿನ ತೆಗೆದುಕೊಂಡಿತೋ ಅಷ್ಟನ್ನು ಮಕ್ಕಳ ವಯಸ್ಸಿನಿಂದ ಕಳೆಯುತ್ತಾರೆ. ಅಣ್ಣನ ಅರ್ಜಿ ಮಂಜೂರಾಗಲು ಮೂರು ವರ್ಷ ನಾಲ್ಕು ತಿಂಗಳು ಹಿಡಿದಿತ್ತು. ಸರದಿ ಬಂದಾಗ 23ರ ಮಗಳು ಕಾನೂನಿನ ಲೆಕ್ಕದಲ್ಲಿ 20ರೊಳಗೆ ಉಳಿದಳು. ಇಪ್ಪತ್ತಾರರ ಮಗ ಕಳೆದರೂ ಇಪ್ಪತ್ತೆರಡು ದಾಟಿದ. ಕಚೇರಿ ಇನ್ನೂ ಎರಡು ವರ್ಷ ತಡಮಾಡಿದ್ದರೆ ಅವನೂ ಹೋಗುತ್ತಿದ್ದ! ಈ ರಿಯಾಯಿತಿಗೆ ಸರದಿ ಬಂದ ಒಂದು ವರ್ಷದೊಳಗೆ ಅರ್ಜಿಯ ಮುಂದಿನ ಹೆಜ್ಜೆ ಇಟ್ಟಿರಬೇಕು ಎಂಬುದನ್ನು ಮರೆಯಬೇಡಿ. ವೀಸಾ ಸೆಂಟರಿನಿಂದ ಬಂದ ಪತ್ರಕ್ಕೆ ವರ್ಷಗಟ್ಟಲೆ ಉತ್ತರಿಸದಿದ್ದರೆ ಕಡತವೇ ಮುಚ್ಚಿಹೋಗುತ್ತದೆ. ವಿಳಾಸ, ಇ-ಮೇಲ್ ಬದಲಾದರೆ ತಿಳಿಸಿ.

ಅಕ್ಕ ಅಲ್ಲಿಗೆ ಹೋಗಿ ಗ್ರೀನ್ ಕಾರ್ಡ್ ಸಿಕ್ಕಮೇಲೆ ಮಗನಿಗಾಗಿ ಬೇರೆ ಅರ್ಜಿ ಹಾಕಬಹುದು, ಅವನು ಮದುವೆಯಾಗದೆ ಇದ್ದರೆ. ಆ ವರ್ಗದ ಸಾಲು 2025ರಲ್ಲಿ 2016ರ ಆಸುಪಾಸಿನಲ್ಲಿತ್ತು. "ಅಷ್ಟರಲ್ಲಿ ನನಗೆ ಮೂವತ್ತೈದು ದಾಟುತ್ತದೆ ಚಿಕ್ಕಮ್ಮಾ, ಅಜ್ಜಿಯ ಜೊತೆ ಮನೆ ನೋಡಿಕೊಂಡು ಇರುತ್ತೇನೆ" ಎಂದ. ಅವನಿಗೆ ಮಂಗಳೂರಿನಲ್ಲಿ ಒಳ್ಳೆಯ ಕೆಲಸವಿದೆ. ದುಃಖದಿಂದ ಹೇಳಿದನೋ, ಬಿಡುಗಡೆಯಾದ ಹಾಗೆ ಹೇಳಿದನೋ ನನಗೆ ತಿಳಿಯಲಿಲ್ಲ. ಫುಟ್‌ಪಾತ್‌ನಲ್ಲಿ ಬಿಸಿಲೇರುತ್ತಿತ್ತು, ಕೂರಲು ಜಾಗವಿರಲಿಲ್ಲ. ಅವನು ಎಲ್ಲಿಂದಲೋ ಎರಡು ವಡಾಪಾವ್ ತಂದ. ಸುತ್ತ ಪಂಜಾಬಿ, ಗುಜರಾತಿ ಮಾತಾಡುವ ತಂದೆತಾಯಂದಿರು, ನಮ್ಮ ಹಾಗೆಯೇ ಯಾರ್‍ಯಾರದೋ ಮೊಬೈಲು ಹಿಡಿದು ಗೇಟಿನ ಕಡೆ ನೋಡುತ್ತಿದ್ದರು.

ಮಗಳ ವಿಷಯವನ್ನೂ ಹೇಳಬೇಕು. ಮುಖ್ಯವಾಗಿ ತಾಯಂದಿರಿಗಾಗಿ. ಅವಳಿಗೆ ಉಡುಪಿ ಕಡೆಯ ಒಳ್ಳೆಯ ಮನೆತನದಿಂದ ಸಂಬಂಧ ಬಂದಿತ್ತು. ಹುಡುಗ-ಹುಡುಗಿ ಒಪ್ಪಿದ್ದರು. ಆದರೆ ಅವಳು ತಾಯಿಯ ವೀಸಾದಲ್ಲಿ ಹೋಗಬೇಕಾದರೆ ಅಲ್ಲಿ ಕಾಲಿಡುವ ತನಕ ಅವಿವಾಹಿತೆಯಾಗಿರಲೇಬೇಕು. ಮದುವೆಯಾದ ಕ್ಷಣ ಅವಳ ಹೆಸರು ಕಡತದಿಂದ ಬಿದ್ದುಹೋಗುತ್ತದೆ. ಅಲ್ಲಿ ಹೋಗಿ, ಮರಳಿ ಬಂದು ಮದುವೆಯಾಗಿ, ಗಂಡನಿಗಾಗಿ ಅರ್ಜಿ ಹಾಕಿ, ಆ ಸರದಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಆಗ ಮತ್ತೆ ಅದೇ 625, 325, 120, 235. ಕೂಡಿಸಿದರೆ 1,305 ಡಾಲರ್, 1,17,450 ರೂಪಾಯಿ.

"ನಿಕಾಹ್ ಮಾತ್ರ ಮಾಡಿಬಿಡಿ, ನೋಂದಣಿ ಮಾಡಿಸಬೇಡಿ, ಯಾರಿಗೆ ತಿಳಿಯುತ್ತದೆ?" ಎಂದು ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ನಾಲ್ಕು ಫಾರಂ ತುಂಬಿಕೊಡಲು ದೊಡ್ಡ ಮೊತ್ತ ಕೇಳಿದ್ದ ಒಬ್ಬ ಏಜೆಂಟನೂ ಇದನ್ನೇ ಹೇಳಿದ್ದ. ದಯವಿಟ್ಟು ಈ ಮಾತಿಗೆ ಕಿವಿಗೊಡಬೇಡಿ. ನೋಂದಣಿ ಇಲ್ಲದಿದ್ದರೂ ನಿಕಾಹ್ ನಿಕಾಹೇ. ಕಿಟಕಿಯ ಮುಂದೆ ಬಲಗೈ ಎತ್ತಿ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಸುತ್ತಾರೆ. ಸುಳ್ಳು ಹೇಳಿ ಪಡೆದ ವೀಸಾ ಬಯಲಾದರೆ ಅವಳಿಗೆ ಜೀವನಪರ್ಯಂತ ಆ ದೇಶದ ಬಾಗಿಲು ಮುಚ್ಚಬಹುದು, ಮುಂದೆ ಗಂಡನಿಗಾಗಿ ಹಾಕುವ ಅರ್ಜಿಯೂ ಕೆಡುತ್ತದೆ. ಇನ್ನು ಏಜೆಂಟರ ಮಾತು. ಅವರು ಮಾಡುವುದನ್ನು ಕಂಪ್ಯೂಟರ್ ಬಲ್ಲ ನಿಮ್ಮ ಮಗಳೇ ಮಾಡಬಲ್ಲಳು, ಫಾರಂಗಳಿಗೆ ಪ್ರತ್ಯೇಕ ಬೆಲೆಯಿಲ್ಲ, ಸರದಿಯನ್ನು ಯಾರೂ ಮುಂದೆ ತರಲಾರರು. "ಗ್ರೀನ್ ಕಾರ್ಡ್ ಲಾಟರಿ ಹೊಡೆದಿದೆ, ಹಣ ಕಟ್ಟಿ" ಎಂಬ ಸಂದೇಶ ಬಂದರೆ ಅಳಿಸಿಬಿಡಿ, ಭಾರತದಲ್ಲಿ ಹುಟ್ಟಿದವರಿಗೆ ಆ ಲಾಟರಿಯೇ ಇಲ್ಲ.

ಅಕ್ಕ-ಭಾವ ಹುಡುಗನ ಮನೆಯವರಿಗೆ ಎಲ್ಲವನ್ನೂ ಬಿಚ್ಚಿ ಹೇಳಿದರು. ಮಾತು ಮಾಡಿ ಇಡೋಣ, ಎರಡು-ಮೂರು ವರ್ಷ ಕಾಯಿರಿ ಎಂದರು. ಅವರು ಕಾಯಲು ಒಪ್ಪಲಿಲ್ಲ. ತಪ್ಪೆನ್ನಲೂ ಬರುವುದಿಲ್ಲ. ಅಮೆರಿಕ ಬೇಡ, ಇಲ್ಲೇ ಮದುವೆಯಾಗುತ್ತೇನೆ ಎನ್ನಲು ಮಗಳಿಗೆ ಅವಕಾಶವಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಲಾಡ್ಜಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಅವಳು, "ಮೂರು ಮಂದಿ ಹೋಗಿ ನಾನು ಉಳಿದರೆ ಉಮ್ಮ ಹೋಗುವುದಿಲ್ಲ, ಉಮ್ಮ ಹೋಗದಿದ್ದರೆ ಯಾರೂ ಹೋಗುವುದಿಲ್ಲ. ಮಾಮ ಹತ್ತೊಂಬತ್ತು ವರ್ಷ ಕಾದಿದ್ದಾರೆ" ಎಂದಳು. ಭಾವನ ಡೈರಿಯಲ್ಲಿ ಈ ಬಾಬ್ತು ಎಲ್ಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಲ್ವರೂ ಹೊರಬಂದರು. ಸಂದರ್ಶನ ಹತ್ತು ನಿಮಿಷವೂ ಇರಲಿಲ್ಲವಂತೆ. ಅಕ್ಕನಿಗೆ ಅಣ್ಣನ ಬಗ್ಗೆ, ಅವನ ಊರು, ಕೆಲಸ, ಕೊನೆಯ ಸಲ ಭೇಟಿಯಾದದ್ದು ಯಾವಾಗ ಎಂದು ಕೇಳಿದ್ದರು. ಮಗಳಿಗೆ ಕೇಳಿದ್ದು ಒಂದೇ: ಮದುವೆಯಾಗಿದೆಯೇ? ಭಾವನ ಕೈಯಲ್ಲಿ ಮಾತ್ರ ಒಂದು ಚೀಟಿ ಇತ್ತು. ಜಾಮೀನಿಗೆ ಸಂಬಂಧಿಸಿದ ಅತ್ತಿಗೆಯ ತೆರಿಗೆ ಕಾಗದದ ಒಂದು ಪುಟ ಬಾಕಿ, ಅದನ್ನು ಕಳಿಸಿದ ಮೇಲೆ ಮುಂದಿನದು. ಇಂಥ ಚೀಟಿ ಸಿಕ್ಕಿದರೆ ನಿರಾಕರಣೆಯೆಂದು ಗಾಬರಿಯಾಗಬೇಡಿ, ಕೇಳಿದ ಕಾಗದವನ್ನು ಒಂದು ವರ್ಷದೊಳಗೆ ಒದಗಿಸಿದರೆ ಹೊಸ ಶುಲ್ಕವಿಲ್ಲದೆ ಕಡತ ಮುಂದುವರಿಯುತ್ತದೆ. ಅತ್ತಿಗೆ ಅದೇ ರಾತ್ರಿ ಕಳಿಸಿದರು.

ವೀಸಾ ಅಂಟಿಸಿದ ಪಾಸ್‌ಪೋರ್ಟುಗಳು ಡಿಸೆಂಬರ್‌ನಲ್ಲಿ ಬಂದವು. ವೈದ್ಯಕೀಯ ಪರೀಕ್ಷೆಯ ಅವಧಿ ಸಾಮಾನ್ಯವಾಗಿ ಆರು ತಿಂಗಳು, ವೀಸಾದ ಅವಧಿಯೂ ಅದನ್ನೇ ಅನುಸರಿಸುತ್ತದೆ. ಆದ್ದರಿಂದ ಮನೆ, ತೋಟ, ಉಮ್ಮನ ಮದ್ದು ಎಲ್ಲಕ್ಕೂ ವ್ಯವಸ್ಥೆ ಮಾಡಿ ಹೊರಡಲು ಸಿಗುವ ಸಮಯ ಅಷ್ಟೇ. ಅಣ್ಣ ನಾಲ್ವರ 235 ಡಾಲರ್ ಕಟ್ಟಿದ್ದಾನೆ. ಭಾವ ಡೈರಿಯಲ್ಲಿ ಅದನ್ನೂ ಬರೆದುಕೊಂಡು, ಕಪಾಟಿನ ಕೀಲಿಕೈಗಳನ್ನು ಹಿರಿಯ ಮಗನಿಗೆ ಒಂದೊಂದಾಗಿ ಯಾವುದು ಯಾವುದರದೆಂದು ತೋರಿಸುತ್ತಿದ್ದಾರೆ.